44ಎಡಿ ಅಂದ್ರೆ ಏನು? ಪೆನ್ಷನ್ ಜೊತೆಗೆ ಆನ್‌ಲೈನ್ ಮಾರಾಟ ಮಾಡುವವರಿಗೆ

ನಿವೃತ್ತಿಯಾದ ಮೇಲೆ ಸುಮ್ನೆ ಕೂರಲಾಗದೆ ಉಪ್ಪಿನಕಾಯಿ, ಚಟ್ನಿಪುಡಿ, ಕಸೂತಿ ಹಾಕಿದ ಚೀಲ ಅಂತ ಏನಾದರೊಂದನ್ನು ಆನ್‌ಲೈನ್‌ನಲ್ಲಿ ಮಾರುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ರಿಟರ್ನ್ಸ್ ಹಾಕುವ ಹೊತ್ತಿಗೆ ಆಡಿಟರ್ ಹೇಳುವುದು ಒಂದೇ ಮಾತು: "ನಿಮ್ದು 44ಎಡಿಯಲ್ಲಿ ತೋರಿಸಿಬಿಡೋಣ." ಹೂಂ ಅಂದು ಬರುತ್ತೇವೆ. ಅದೇನು ಅಂತ ಕೇಳುವುದಿಲ್ಲ.

ಅದು 1961ರ ಆದಾಯ ತೆರಿಗೆ ಕಾಯ್ದೆಯ ಒಂದು ಕಲಂ. ಪ್ರಿಸಂಪ್ಟಿವ್ ಟ್ಯಾಕ್ಸೇಷನ್ ಅಂತಾರೆ. ಅಂದಾಜಿನ ಮೇಲೆ ಲಾಭ ಹಿಡಿದು, ಆ ಲಾಭಕ್ಕೆ ತೆರಿಗೆ ಹಾಕುವ ಪದ್ಧತಿ. ಸಣ್ಣ ವ್ಯಾಪಾರಿ ಎಣ್ಣೆಗೆ ಎಷ್ಟು ಕೊಟ್ಟ, ಬಾಟಲಿಗೆ ಎಷ್ಟು ಕೊಟ್ಟ, ಕೊರಿಯರ್‌ಗೆ ಎಷ್ಟಾಯ್ತು ಅಂತ ಇಲಾಖೆ ಕೇಳುವುದಿಲ್ಲ. ಮಾರಾಟದ ಮೊತ್ತದಲ್ಲಿ ಶೇ 8 ಲಾಭ ಅಂತ ಹಿಡಿಯುತ್ತದೆ. ಯುಪಿಐ, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ 6 ಸಾಕು. ಲೆಕ್ಕದ ಪುಸ್ತಕ ಬೇಡ, ಆಡಿಟ್ ಬೇಡ. ವರ್ಷದ ವಹಿವಾಟು 2 ಕೋಟಿವರೆಗೆ ಇದ್ದರೆ ಸರಿ. ನಗದು ಶೇ 5ಕ್ಕಿಂತ ಜಾಸ್ತಿ ಇಲ್ಲದಿದ್ದರೆ 3 ಕೋಟಿವರೆಗೂ ನಡೆಯುತ್ತದೆ. ನಮ್ಮ ಉಪ್ಪಿನಕಾಯಿಗೆ ಆ ಮಿತಿಯ ಚಿಂತೆ ಇಲ್ಲ ಬಿಡಿ.

ಇಲ್ಲಿ ತುಂಬಾ ಜನ ತಪ್ಪು ತಿಳಿಯುವುದು ಒಂದಿದೆ. ಶೇ 6 ಅನ್ನೋದು ತೆರಿಗೆ ಅಲ್ಲ. ಅದು ಲಾಭ. 4 ಲಕ್ಷದ ಮಾರಾಟ ಆಗಿದ್ದರೆ 24,000 ರೂಪಾಯಿ ಲಾಭ. ಅದು ನಿಮ್ಮ ಪೆನ್ಷನ್, ಬ್ಯಾಂಕ್ ಬಡ್ಡಿ ಎಲ್ಲದರ ಜೊತೆ ಸೇರುತ್ತದೆ. ಒಟ್ಟು ಮೊತ್ತಕ್ಕೆ ಎಷ್ಟು ತೆರಿಗೆ ಅಂತ ಆಮೇಲೆ ನೋಡುವುದು. ಇನ್ನೊಂದು, ಶೇ 6 ಕನಿಷ್ಠ ಅಷ್ಟೇ. ನಿಜಕ್ಕೂ ಜಾಸ್ತಿ ಉಳಿದಿದ್ದರೆ ಜಾಸ್ತಿಯನ್ನೇ ತೋರಿಸಿ ಅಂತ ನಾನು ಹೇಳುತ್ತೇನೆ.

ಮಾರಾಟದ ಮೊತ್ತ ಅಂದರೆ ಯಾವುದು? ಒಂದು ಬಾಟಲಿ ಮಿಡಿ ಉಪ್ಪಿನಕಾಯಿಗೆ ಗಿರಾಕಿ 450 ರೂಪಾಯಿ ಕೊಟ್ಟ ಅಂತಿಟ್ಟುಕೊಳ್ಳಿ. ಆ್ಯಪ್‌ನವರು ಕಮಿಷನ್, ಸಾಗಣೆ ಅಂತ 90 ಹಿಡಿದುಕೊಂಡು 360 ನಿಮ್ಮ ಖಾತೆಗೆ ಹಾಕಿದರು. ಲೆಕ್ಕಕ್ಕೆ ಬರುವುದು 450, 360 ಅಲ್ಲ. ಆ 90 ನಿಮ್ಮ ಖರ್ಚು, ಮತ್ತು ಖರ್ಚೆಲ್ಲ ಆಗಲೇ ಅಂದಾಜಿನಲ್ಲಿ ಕಳೆದಾಗಿದೆ ಅಂತಲೇ ಕಾಯ್ದೆ ನೋಡುತ್ತದೆ. ಪಾಸ್‌ಬುಕ್ ನೋಡಿ ಕೂಡಿಸಿದರೆ ಮೊತ್ತ ಕಡಿಮೆ ಬರುತ್ತದೆ, ಆಮೇಲೆ ಎಐಎಸ್‌ನಲ್ಲಿ (ನಿಮ್ಮ ವರ್ಷದ ಹಣದ ವ್ಯವಹಾರದ ಬಗ್ಗೆ ಇಲಾಖೆಯ ಬಳಿ ಇರುವ ಪಟ್ಟಿ) ಬೇರೆ ಅಂಕಿ ಕಂಡು ಗಾಬರಿ ಆಗುತ್ತದೆ. ಮಾರಾಟದ ಆ್ಯಪ್‌ಗಳಲ್ಲಿ ವರ್ಷದ ವರದಿ ಸಿಗುತ್ತದೆ, ಅದನ್ನು ಇಳಿಸಿಟ್ಟುಕೊಳ್ಳಿ. ವಾಪಸ್ ಬಂದ ಆರ್ಡರ್ ಮಾತ್ರ ಕಳೆಯಬಹುದು.

ಆ್ಯಪ್‌ನವರು ಟಿಡಿಎಸ್, ಅಂದ್ರೆ ಹಣ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರಾ? ನೀವು ಪ್ಯಾನ್ ಕೊಟ್ಟಿದ್ದು, ಒಂದು ಆ್ಯಪ್‌ನಲ್ಲಿ ವರ್ಷಕ್ಕೆ 5 ಲಕ್ಷ ದಾಟದಿದ್ದರೆ ಹಿಡಿಯುವುದಿಲ್ಲ. ದಾಟಿದರೂ 2024ರ ಅಕ್ಟೋಬರ್ 1ರಿಂದ ಅದು ಶೇ 0.1 ಮಾತ್ರ, ಮೊದಲು ಶೇ 1 ಇತ್ತು. ಪ್ಯಾನ್ ಕೊಡದಿದ್ದರೆ ಶೇ 5 ಹೋಗುತ್ತದೆ.

ಈಗ ತೆರಿಗೆಗೆ ಬರೋಣ. ಅಂಕಿಗಳೆಲ್ಲ 2025-26ನೇ ಹಣಕಾಸು ವರ್ಷದವು, ಹೊಸ ತೆರಿಗೆ ಪದ್ಧತಿಯವು (ದರ ಕಡಿಮೆ, ವಿನಾಯಿತಿಗಳೂ ಕಡಿಮೆ ಇರುವುದು). ತಿಂಗಳಿಗೆ 42,000 ಪೆನ್ಷನ್ ಬರುವವರಿಗೆ ವರ್ಷಕ್ಕೆ 5,04,000 ಆಯ್ತು. ಪೆನ್ಷನ್‌ದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನುವ ಕಡಿತ 75,000 ಕಳೆದರೆ 4,29,000. ಬಡ್ಡಿ 1,20,000 ಮತ್ತು ಉಪ್ಪಿನಕಾಯಿಯ 24,000 ಸೇರಿಸಿದರೆ 5,73,000. ಆದಾಯ 12 ಲಕ್ಷದವರೆಗೆ ಇದ್ದರೆ ರಿಬೇಟ್ (ತೆರಿಗೆಯಲ್ಲಿ ಕೊಡುವ ಮಾಫಿ) ಇರುವುದರಿಂದ ತೆರಿಗೆ ಸೊನ್ನೆ. ಹೆಚ್ಚಿನವರ ಕಥೆ ಇಲ್ಲಿಗೇ ಮುಗಿಯುತ್ತದೆ, ರಿಟರ್ನ್ಸ್ ಹಾಕಿದರೆ ಆಯ್ತು.

ಮುಗಿಯದಿರುವುದು 12 ಲಕ್ಷದ ಆಸುಪಾಸಿನಲ್ಲಿ ಇರುವವರದ್ದು. ಪೆನ್ಷನ್ ತಿಂಗಳಿಗೆ 85,000, ಬಡ್ಡಿ ವರ್ಷಕ್ಕೆ 3 ಲಕ್ಷ ಅನ್ನೋಣ. ವ್ಯಾಪಾರ ಇಲ್ಲದಿದ್ದರೆ ಅದೇ 75,000 ಕಳೆದು ಅವರ ಆದಾಯ 12,45,000. ಇಂಥವರಿಗೆ ಮಾರ್ಜಿನಲ್ ರಿಲೀಫ್ ಅಂತ ಇದೆ, 12 ಲಕ್ಷದ ಮೇಲೆ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ತೆರಿಗೆ ಹಾಕುವಂತಿಲ್ಲ. ಹಾಗಾಗಿ ತೆರಿಗೆ 45,000, ಸೆಸ್ ಸೇರಿ 46,800. ಅದಕ್ಕೆ 24,000 ಲಾಭ ಸೇರಿಸಿ. ಆದಾಯ 12,69,000, ತೆರಿಗೆ 69,000, ಸೆಸ್ ಸೇರಿ 71,760. ವ್ಯತ್ಯಾಸ ಎಷ್ಟು? 24,960. ತೋರಿಸಿದ ಲಾಭಕ್ಕಿಂತ ತೆರಿಗೆಯೇ ಜಾಸ್ತಿ! ಸುಮಾರು 12,70,000 ದಾಟಿದ ಮೇಲೆ ಮಾಮೂಲಿ ಲೆಕ್ಕ ಶುರುವಾಗುತ್ತದೆ. ನಡುವಿನ ಆ ಸಣ್ಣ ಪಟ್ಟಿಯಲ್ಲಿ ಸಿಕ್ಕಿಕೊಂಡವರಿಗೆ ಮಾತ್ರ ಈ ಪೆಟ್ಟು.

ಆದರೆ ನನ್ನ ಪ್ರಕಾರ ನಿವೃತ್ತರು ಗಮನಿಸಬೇಕಾದ್ದು ದುಡ್ಡಿನ ಮೊತ್ತಕ್ಕಿಂತ ಆದಾಯದ ಜಾತಿಯನ್ನು. 24,000 ಇರಲಿ, 2,400 ಇರಲಿ, ಅದು 'ವ್ಯಾಪಾರದ ಆದಾಯ' ಅಂತ ರಿಟರ್ನ್ಸ್‌ಗೆ ಬಿದ್ದ ಕೂಡಲೇ ನಿಮಗಿದ್ದ ಕೆಲವು ಸೌಲಭ್ಯ ಕೈತಪ್ಪುತ್ತವೆ. ರಿಟರ್ನ್ಸ್‌ನ ಸುಲಭದ ಫಾರಂ ಐಟಿಆರ್-1 ಹೋಗಿ ಐಟಿಆರ್-4 ಬರುತ್ತದೆ. ಅದೇನೂ ದೊಡ್ಡ ವಿಷಯ ಅಲ್ಲ, ಸುಗಮ್ ಅಂತಲೇ ಅದರ ಹೆಸರು. ಕಷ್ಟ ಇರುವುದು ಮುಂಗಡ ತೆರಿಗೆಯಲ್ಲಿ, ಅಂದ್ರೆ ಹಣಕಾಸು ವರ್ಷ ಮುಗಿಯುವ ಮೊದಲೇ ಕಟ್ಟುವ ತೆರಿಗೆಯಲ್ಲಿ. 60 ದಾಟಿದವರು ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕಿಲ್ಲ ಅಂತ ಕೇಳಿರುತ್ತೀರಿ, ಅಲ್ವಾ? ಆ ಮಾತಿನ ಉಳಿದರ್ಧ ಯಾರೂ ಹೇಳುವುದಿಲ್ಲ: ವ್ಯಾಪಾರ ಅಥವಾ ವೃತ್ತಿಯ ಆದಾಯ ಇರಬಾರದು. ಮೇಲಿನ 85,000 ಪೆನ್ಷನ್‌ದಾರರನ್ನೇ ನೋಡಿ. ಬ್ಯಾಂಕು ಬಡ್ಡಿಯ ಮೇಲೆ ಶೇ 10ರಂತೆ 30,000 ಹಿಡಿದಿದೆ, ಬಾಕಿ 41,760. ಟಿಡಿಎಸ್ ಕಳೆದು ಬಾಕಿ 10,000 ಮುಟ್ಟಿದರೆ ಮುಂಗಡ ಕಟ್ಟಲೇಬೇಕು. 44ಎಡಿಯವರಿಗೆ ಕಂತಿನ ರಗಳೆ ಇಲ್ಲ, ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ಮರೆತು ಜುಲೈನಲ್ಲಿ ಕಟ್ಟಿದರೆ ಬಡ್ಡಿ ಸುಮಾರು 2,000 ಬೀಳುತ್ತದೆ. ವ್ಯಾಪಾರ ಇಲ್ಲದ ಪಕ್ಕದ ಮನೆಯವರು ಅದೇ ಜುಲೈನಲ್ಲಿ ಕಟ್ಟಿದರೂ ಈ ಬಡ್ಡಿ ಇಲ್ಲ. ನಾಲ್ಕು ಬಾಟಲಿ ಮಾರಿದ ಹಿರಿಯರಿಗೆ ಇದು ಜಾಸ್ತಿಯಾಯ್ತು ಅಂತಲೇ ನನ್ನ ಅನಿಸಿಕೆ.

ಹಳೆ ಪದ್ಧತಿ, ಹೊಸ ಪದ್ಧತಿಯ ಆಯ್ಕೆಯೂ ಬಿಗಿಯಾಗುತ್ತದೆ. ಪೆನ್ಷನ್, ಬಡ್ಡಿ ಮಾತ್ರ ಇದ್ದರೆ ಪ್ರತಿ ವರ್ಷ ಯಾವುದು ಲಾಭವೋ ಅದನ್ನು ಆರಿಸಬಹುದು. ವ್ಯಾಪಾರ ಇದ್ದರೆ ಹಳೆಯದಕ್ಕೆ ಹೋಗಲು 10-ಐಇಎ ಅರ್ಜಿ ಕೊಡಬೇಕು, ಹೊಸದಕ್ಕೆ ಒಮ್ಮೆ ವಾಪಸ್ ಬಂದರೆ ವ್ಯಾಪಾರ ಇರುವವರೆಗೂ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. 44ಎಡಿಗೂ ಇಂಥದ್ದೇ ಕಟ್ಟು ಇದೆ. ಒಮ್ಮೆ ಹಿಡಿದರೆ ಐದು ವರ್ಷ ಬಿಡದೆ ನಡೆಸಬೇಕು. ಮಧ್ಯೆ ಶೇ 6ಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಂದರೆ ಮುಂದಿನ ಐದು ವರ್ಷ ಒಳಗೆ ಸೇರಿಸುವುದಿಲ್ಲ, ಒಟ್ಟು ಆದಾಯ ವಿನಾಯಿತಿ ಮಿತಿ ದಾಟಿದ್ದರೆ ಪುಸ್ತಕ, ಆಡಿಟ್ ಎರಡೂ ಬೇಕು. ಆಗ ಆಡಿಟ್ ಫೀಸು ಲಾಭವನ್ನೇ ನುಂಗಬಹುದು.

ಎಲ್ಲ ಮಾರಾಟವೂ 44ಎಡಿಗೆ ಬರುವುದಿಲ್ಲ ಅನ್ನೋದೂ ಗೊತ್ತಿರಲಿ. ಮನೆಯ ಹಳೆ ಸೋಫಾ, ಫ್ರಿಡ್ಜ್ ಮಾರಿದರೆ ಅದು ವ್ಯಾಪಾರ ಅಲ್ಲ, ತೆರಿಗೆಯೂ ಇಲ್ಲ. ಒಡವೆ ಮಾರಿದರೆ ಕ್ಯಾಪಿಟಲ್ ಗೇನ್ಸ್ (ಆಸ್ತಿ ಮಾರಿ ಬಂದ ಲಾಭ), ಅದರ ಲೆಕ್ಕವೇ ಬೇರೆ. ಲಿಂಕ್ ಹಂಚಿ ಬರುವ ಕಮಿಷನ್, ಎಲ್‌ಐಸಿ ಏಜೆಂಟರ ಕಮಿಷನ್ ಇವಕ್ಕೂ 44ಎಡಿ ಇಲ್ಲ. ನರ್ಸರಿಯಲ್ಲಿ ನೀವೇ ಬೆಳೆಸಿದ ಸಸಿ ಮಾರಿದರೆ ಅದು ಕೃಷಿ ಆದಾಯ, ತೆರಿಗೆ ಇಲ್ಲ, ಆದರೆ ಅದು 5,000 ದಾಟಿದರೆ ಐಟಿಆರ್-4 ಹಾಕಲಾಗದು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದರಲ್ಲಿ ಈ ವಿಷಯ 58ನೇ ಕಲಂಗೆ ಹೋಗಿದೆ. ಪದ್ಧತಿ ಅದೇ, ನಂಬರು ಬೇರೆ.

ಜಿಎಸ್‌ಟಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಜನ ಎರಡನ್ನೂ ಕಲಸುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಅಂತ ಬರೆದು ಹಾಕಿದ್ದು ನೆನಪಿದೆಯಲ್ಲ, ಅದು ಜಿಎಸ್‌ಟಿಯ ಗಲಾಟೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ಮಿತಿ ವರ್ಷಕ್ಕೆ 40 ಲಕ್ಷ. ಅದರೊಳಗಿದ್ದು ರಾಜ್ಯದ ಒಳಗೇ ಆ್ಯಪ್‌ನಲ್ಲಿ ಮಾರಿದರೆ 2023ರ ಅಕ್ಟೋಬರ್ 1ರಿಂದ ನೋಂದಣಿ ಬೇಕಿಲ್ಲ. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಅದೇ ಬಾಟಲಿ ಧಾರವಾಡದಿಂದ ಪುಣೆಗೆ ಹೋಯ್ತು ಅಂದ್ರೆ ಒಂದೇ ಬಾಟಲಿಯಾದರೂ ನೋಂದಣಿ ಬೇಕು. ಹಾಗಾಗಿ ಆ್ಯಪ್‌ನಲ್ಲಿ ಸರಕು ಏರಿಸುವಾಗಲೇ ಕರ್ನಾಟಕಕ್ಕೆ ಮಾತ್ರ ಕಳಿಸುತ್ತೇನೆ ಅಂತ ಗುರುತು ಹಾಕಿಡಿ.