ನಿಂಬೆ ಶರಬತ್ತು ಕೈಗೆ ಕೂತರೆ ಅರ್ಧ ಬಾರ್ ಕೈಗೆ ಬಂದಂತೆ

ಶುಕ್ರವಾರ ರಾತ್ರಿ ಒಂಬತ್ತರ ಮೇಲೆ ನನ್ನ ಫೋನಿಗೆ ಬರುವ ಮೆಸೇಜುಗಳೆಲ್ಲ ಹೆಚ್ಚುಕಡಿಮೆ ಒಂದೇ ತರ. 'ಗುರು, ಇವತ್ತು ತಲೆ ಕೆಟ್ಟುಹೋಗಿದೆ. ಮನೇಲಿ ಜಿನ್ ಇದೆ, ನಿಂಬೆಹಣ್ಣಿದೆ, ಕೂಲ್‌ಡ್ರಿಂಕ್ಸ್ ಇದೆ. ಏನ್ ಮಾಡ್ಲಿ?'

ಬೆಂಗಳೂರಿನ ಹೋಟೆಲೊಂದರ ಬಾರ್‌ನಲ್ಲಿ 14 ವರ್ಷದಿಂದ ಗ್ಲಾಸು ತುಂಬಿಸುವವನು ನಾನು. ನನ್ನ ಉತ್ತರವೂ ಪ್ರತಿ ಸಲ ಒಂದೇ. 'ಕೂಲ್‌ಡ್ರಿಂಕ್ಸ್ ವಾಪಸ್ ಫ್ರಿಜ್‌ಗೆ ಇಡು. ಮೊದಲು ಒಂದು ಲೋಟ ನಿಂಬೆ ಶರಬತ್ತು ಮಾಡಿ ಕುಡಿ. ಅದು ಚೆನ್ನಾಗಿ ಬಂದರೆ ಆಮೇಲೆ ಫೋನ್ ಮಾಡು.' ಅರ್ಧ ಜನ ಮತ್ತೆ ಫೋನ್ ಮಾಡುವುದೇ ಇಲ್ಲ. ಶರಬತ್ತಿಗೇ ತಲೆ ಸರಿಹೋಗಿರುತ್ತದೆ.

ಕಾಕ್‌ಟೇಲ್ ಅಂದರೆ ದೊಡ್ಡ ವಿದ್ಯೆ ಅಂತ ಜನ ಅಂದುಕೊಂಡಿದ್ದಾರೆ. ಕ್ಯೂಬಾದ ಡೈಕಿರಿಯಲ್ಲಿ ಇರುವುದು ರಮ್, ನಿಂಬೆರಸ, ಸಕ್ಕರೆ, ಅಷ್ಟೇ. ರಮ್ ತೆಗೆದು ವಿಸ್ಕಿ ಹಾಕಿದರೆ ವಿಸ್ಕಿ ಸಾರ್. (ತಿಳಿಸಾರಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ನಮ್ಮ ಬಾರ್‌ಗೆ ಸೇರುವ ಪ್ರತಿ ಹೊಸ ಹುಡುಗ ಈ ಜೋಕ್ ಮಾಡೇ ಮಾಡುತ್ತಾನೆ.) ಜಿನ್ ಹಾಕಿ ಮೇಲೆ ಸೋಡಾ ಬಿಟ್ಟರೆ ಟಾಮ್ ಕಾಲಿನ್ಸ್. ಟಕೀಲಾ ಜೊತೆ ಕಿತ್ತಳೆಯ ಲಿಕರ್ ಸೇರಿದರೆ ಮಾರ್ಗರಿಟಾ. ಎಲ್ಲದರ ಒಳಗೂ ಕೂತಿರುವುದು ಅದೇ ಶರಬತ್ತು. ಎಣ್ಣೆ ಇಲ್ಲದೆ ಬಾಯಿಗೆ ಹಿಡಿಸದ್ದು ಎಣ್ಣೆ ಹಾಕಿದರೂ ಹಿಡಿಸುವುದಿಲ್ಲ.

ಹಾಗಾದರೆ ಶರಬತ್ತು ಎಲ್ಲಿ ಕೆಡುತ್ತದೆ? ನಾನು ನೋಡಿದ ಹಾಗೆ, ಕಣ್ಣಂದಾಜಿನಲ್ಲಿ. ಅಡುಗೆಯಲ್ಲಿ ಉಪ್ಪು ಕಣ್ಣಂದಾಜಿಗೆ ಸರಿಹೋಗುತ್ತದೆ, ಯಾಕೆಂದರೆ ಅದೇ ಸಾರನ್ನು ವರ್ಷಗಟ್ಟಲೆ ದಿನಾ ಮಾಡುತ್ತೇವೆ. ಶರಬತ್ತು ಅಪರೂಪ. ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಮುಚ್ಚಳ ಮನೆಯಲ್ಲಿ ಇರುತ್ತದಲ್ಲ, ಚೆನ್ನಾಗಿ ತೊಳೆದು ಅದನ್ನೇ ಇಟ್ಟುಕೊಳ್ಳಿ. 5, 10, 15 ಎಂಎಲ್ ಗೆರೆ ಅದರಲ್ಲೇ ಇರುತ್ತದೆ. ನನ್ನ ಮನೆಯ ಲೆಕ್ಕ 20 ಎಂಎಲ್ ನಿಂಬೆರಸಕ್ಕೆ 20 ಎಂಎಲ್ ಸಕ್ಕರೆ ಪಾಕ. ಎಣ್ಣೆ ಬೇಕಾದವರಿಗೆ ಅದರ ಜೊತೆ 45 ಎಂಎಲ್. ಬೇಡದವರಿಗೆ ಅದೇ ಜಾಗದಲ್ಲಿ ತಣ್ಣೀರು ಅಥವಾ ಸೋಡಾ, ಸ್ವಲ್ಪ ಧಾರಾಳವಾಗಿ.

ಸಕ್ಕರೆ ಪಾಕ ಅಂದೆ, ಸಕ್ಕರೆ ಅನ್ನಲಿಲ್ಲ. ತಣ್ಣಗಿನ ನೀರಿನಲ್ಲಿ ಸಕ್ಕರೆ ಬೇಗ ಕರಗುವುದಿಲ್ಲ. ಕದಡಿ ಕದಡಿ ಕೈ ಸೋತ ಮೇಲೂ ತಳದಲ್ಲಿ ಉಳಿಯುತ್ತದೆ. ಕೊನೆಯ ಗುಟುಕು ಮಾತ್ರ ಜಾಮೂನಿನ ಪಾಕ. ಒಂದು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರು ಹಾಕಿ, ಕರಗುವಷ್ಟು ಬಿಸಿ ಮಾಡಿ, ಆರಿಸಿ ಬಾಟಲಿಗೆ ತುಂಬಿ. ಎಳೆ ಪಾಕ ಬರಿಸಬೇಕಾಗಿಲ್ಲ. ಫ್ರಿಜ್‌ನಲ್ಲಿ ಎರಡು ವಾರ ಧೈರ್ಯವಾಗಿ ಇಡಬಹುದು.

ನಿಂಬೆಹಣ್ಣನ್ನು ಕಟ್ಟೆಯ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ, ಆಮೇಲೆ ಹೆಚ್ಚಿ. ಬೀಜ ತೆಗೆದು ಹಿಂಡಿ. ಬಟ್ಟೆ ಹಿಂಡಿದ ಹಾಗೆ ಕೊನೆಯ ಹನಿಯವರೆಗೂ ಹಿಂಡಬೇಡಿ, ಸಿಪ್ಪೆಯ ಕಹಿ ಇಳಿಯುತ್ತದೆ. ಬೆಳಿಗ್ಗೆ ಹಿಂಡಿಟ್ಟ ರಸ ರಾತ್ರಿಗೆ ಸಪ್ಪೆಯಾಗಿರುತ್ತದೆ, ಅದನ್ನು ಚಿತ್ರಾನ್ನಕ್ಕೆ ಹಾಕಿಕೊಳ್ಳಿ. ಇನ್ನು ಉಪ್ಪು. ಎರಡು ಬೆರಳಲ್ಲಿ ಹಿಡಿಯುವಷ್ಟೂ ಬೇಡ, ಅದರ ಅರ್ಧ. ಉಪ್ಪಿನ ರುಚಿ ಗೊತ್ತಾಗಬಾರದು, ಕಹಿ ಮಾತ್ರ ತಗ್ಗಬೇಕು. ನಮ್ಮ ಬಾರ್‌ನಲ್ಲಿ ಉಪ್ಪು ನೀರಿನ ಒಂದು ಪುಟ್ಟ ಸೀಸೆ ಯಾವಾಗಲೂ ಕೈಗೆ ಸಿಗುವ ಹಾಗೆ ಇರುತ್ತದೆ. ಗಿರಾಕಿಗಳು ಅದನ್ನು ಏನೋ ವಿದೇಶಿ ಎಸೆನ್ಸ್ ಅಂದುಕೊಳ್ಳುತ್ತಾರೆ. ನಾವೂ ತಿದ್ದಲು ಹೋಗುವುದಿಲ್ಲ.

ಇನ್ನೊಂದು ಮಾತು. ಐಸ್ ಹಾಕುವ ಮೊದಲು ರುಚಿ ನೋಡಿ 'ಸ್ವಲ್ಪ ಸಿಹಿ ಜಾಸ್ತಿ ಆಯ್ತು' ಅನ್ನಿಸಿದರೆ ಸುಮ್ನೆ ಬಿಡಿ. ತಂಪಾದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಕರಗಿದ ಐಸ್‌ಕ್ರೀಮ್ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಐಸ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಮನೆಯವರು ಬೈಯುತ್ತಾರೆ. ಮನೆಯ ಪಾನೀಯಗಳನ್ನು ಜಿಪುಣತನದ ಐಸ್ ಕೆಡಿಸಿದಷ್ಟು ಬೇರೆ ಯಾವುದೂ ಕೆಡಿಸುವುದಿಲ್ಲ. ಎರಡು ತುಂಡು ಹಾಕಿದರೆ ನೀರಾಗುವುದಿಲ್ಲ ಅಂತ ಜನರ ಲೆಕ್ಕ. ಆಗುವುದು ಉಲ್ಟಾ. ಎರಡು ತುಂಡು ಗ್ಲಾಸನ್ನು ತಂಪು ಮಾಡಲಾಗದೆ ತಾವೇ ಕರಗಿಹೋಗುತ್ತವೆ. ಗ್ಲಾಸು ತುಂಬ ಹಾಕಿದರೆ ಬೇಗ ತಂಪಾಗುತ್ತದೆ, ಆಮೇಲೆ ಕರಗುವುದು ನಿಧಾನ. ದೊಡ್ಡ ತುಂಡಾದರೆ ಇನ್ನೂ ಒಳ್ಳೆಯದು. ಊಟದ ಸ್ಟೀಲ್ ಡಬ್ಬಿಯಲ್ಲಿ ಫಿಲ್ಟರ್ ನೀರು ತುಂಬಿ, ಮುಚ್ಚಳ ಹಾಕಿ ಫ್ರೀಜರ್‌ನಲ್ಲಿಡಿ. ಮುಚ್ಚಳ ಮರೆಯಬೇಡಿ. ಫ್ರಿಜ್‌ನಲ್ಲಿರುವ ಹುಳಿ, ಗೊಜ್ಜು, ಈರುಳ್ಳಿಯ ವಾಸನೆಯನ್ನೆಲ್ಲ ಐಸ್ ಹೀರಿಕೊಳ್ಳುತ್ತದೆ. ನೆಂಟರ ಮನೆಯಲ್ಲಿ ಒಮ್ಮೆ ಸೀಗಡಿ ಚಟ್ನಿ ವಾಸನೆಯ ವಿಸ್ಕಿ ಕುಡಿದವನು ನಾನು. ಅನುಭವದಿಂದ ಹೇಳುತ್ತಿದ್ದೇನೆ.

ನಿಂಬೆ ಇರುವುದನ್ನು ಕುಲುಕಬೇಕು. ಶೇಕರ್ ಕೊಳ್ಳಬೇಕಿಲ್ಲ, ಗಟ್ಟಿ ಮುಚ್ಚಳದ ಸ್ಟೀಲ್ ವಾಟರ್ ಬಾಟಲಿ ಸಾಕು. ಐಸ್ ಹಾಕಿ, ಕೈ ಮರಗಟ್ಟುವವರೆಗೆ, ಅಂದರೆ ಹನ್ನೆರಡು ಎಣಿಸುವಷ್ಟು ಹೊತ್ತು ಜೋರಾಗಿ ಕುಲುಕಿ. ಆಗ ಕರಗಿ ಸೇರುವ ನೀರು ಗ್ಲಾಸಿನ ಕಾಲು ಭಾಗದಷ್ಟಾದರೂ ಇರುತ್ತದೆ. ಆ ನೀರು ಬೇಕೇ ಬೇಕು. ಅದಿಲ್ಲದಿದ್ದರೆ ಗಂಟಲು ಉರಿಯುತ್ತದೆ. ಸೋಡಾ ಮಾತ್ರ ಕುಲುಕುವುದಕ್ಕೆ ಹೋಗಬೇಡಿ. ಗೋಲಿ ಸೋಡಾ ನೆನಪಿದೆಯಾ? ಆ ಬಾಟಲಿಗೆ ಇಂಗ್ಲೆಂಡಿನ ಹಿರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದಿದ್ದ. ಒಳಗಿನ ಗ್ಯಾಸೇ ಗೋಲಿಯನ್ನು ಮೇಲೆ ಒತ್ತಿ ಹಿಡಿದಿರುತ್ತದೆ, ಬೇರೆ ಬಿರಡೆ ಬೇಡ. ಅಷ್ಟು ಒತ್ತಡದ ಪದಾರ್ಥವನ್ನು ವಾಟರ್ ಬಾಟಲಿಯಲ್ಲಿ ಕುಲುಕಿದರೆ ಏನಾಗುತ್ತದೆ ಅಂತ ನನ್ನ ಅಡುಗೆಮನೆಯ ಗೋಡೆಗೆ ಗೊತ್ತು. ಸೋಡಾ ಚೆನ್ನಾಗಿ ತಣ್ಣಗಿರಲಿ, ತಣ್ಣಗಿದ್ದಷ್ಟೂ ಗ್ಯಾಸ್ ಉಳಿಯುತ್ತದೆ. ಕೊನೆಯಲ್ಲಿ ಗ್ಲಾಸಿನ ಪಕ್ಕದಿಂದ ನಿಧಾನಕ್ಕೆ ಬಿಡಿ.

ನಾನು ಪುತ್ತೂರು ಕಡೆಯವನು. ಹಾಗಾಗಿ ನನ್ನ ಮೊದಲ ಪ್ರೀತಿ ಪುನರ್ಪುಳಿ. ಶಿರಸಿ ಕಡೆ ಮುರುಗಲು ಅಂತಾರೆ, ಕೊಂಕಣಿಯವರು ಬಿರಿಂಡ ಅಂತಾರೆ. ಏಪ್ರಿಲ್, ಮೇನಲ್ಲಿ ಹಣ್ಣು ಸಿಕ್ಕರೆ ಅಮ್ಮ ಒಡೆದು, ಸಿಪ್ಪೆಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಹಾಕಿ ಅಂಗಳದ ಬಿಸಿಲಿಗೆ ಇಡುತ್ತಾರೆ. ಒಂದು ವಾರದಲ್ಲಿ ಸಕ್ಕರೆ ರಸವನ್ನೆಲ್ಲ ಎಳೆದು ಕೆಂಪು ಪಾಕ ಆಗಿರುತ್ತದೆ. ಒಲೆ ಬೇಕಿಲ್ಲ, ನೀರೂ ಬೇಕಿಲ್ಲ. ಬೆಂಗಳೂರಿನಲ್ಲಿ ಸಿಗುವುದು ಒಣ ಸಿಪ್ಪೆ. ಮಂಗಳೂರು ಸಾಮಾನಿನ ಅಂಗಡಿಯಲ್ಲಿ ಕೇಳಿ. ಮೀನು ಸಾರಿಗೆ ಹಾಕುವ ಕಪ್ಪು, ಹೊಗೆ ವಾಸನೆಯ ಹುಳಿ ಕೊಟ್ಟರೆ ವಾಪಸ್ ಕೊಡಿ, ಅದು ಬೇರೆ ಹಣ್ಣು. ಇಪ್ಪತ್ತು ಸಿಪ್ಪೆಯನ್ನು ಕಾಲು ಲೀಟರ್ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಹಿಸುಕಿ ಸೋಸಿ, 250 ಗ್ರಾಂ ಸಕ್ಕರೆ ಹಾಕಿ ಕರಗಿಸಿ. ಹುರಿದ ಜೀರಿಗೆ ಪುಡಿ ಚಿಟಿಕೆ. ಈ ಪಾಕ 40 ಎಂಎಲ್, ಗ್ಲಾಸು ತುಂಬ ಐಸ್, ಉಪ್ಪು, ಮೇಲೆ ಸೋಡಾ. ಆಫೀಸಿನಿಂದ ಬಂದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ಮಾಡಿಲ್ಲ. ಜಿನ್ ಇಷ್ಟವಿದ್ದರೆ 45 ಎಂಎಲ್ ಸೇರಿಸಿ, ಜೊತೆಗೆ 10 ಎಂಎಲ್ ನಿಂಬೆರಸ.

ಇದೇ ಪುನರ್ಪುಳಿಯಲ್ಲಿ ನಾನು ಮರ್ಯಾದೆಯನ್ನೂ ಕಳೆದುಕೊಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಚೆಂದ ಕಾಣಲಿ ಅಂತ ತಾಮ್ರದ ಮಗ್‌ಗಳಲ್ಲಿ ಸುರಿದು ಒಂದು ಪಾರ್ಟಿಗೆ ಮೊದಲೇ ಸಾಲಾಗಿ ಜೋಡಿಸಿಟ್ಟಿದ್ದೆ. ಒಳಗೆ ಕಲಾಯಿ ಇಲ್ಲದ ಮಗ್‌ಗಳು. ಕುಡಿದವರೆಲ್ಲ ಮುಖ ಸಿಂಡರಿಸಿದರು, ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗಿದೆ ಅಂದರು. ಅಷ್ಟನ್ನೂ ಚೆಲ್ಲಿದೆವು. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ. 'ಎಂತ ಮಾರಾಯ, ಹುಳಿ ಹಾಕಿ ತಾಮ್ರದ ಚೊಂಬು ತಿಕ್ಕುವುದು ನೀನು ನೋಡ್ಲೇ ಇಲ್ವಾ?' ನೋಡಿದ್ದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ನಾನೇ ಹಂಡೆ ತಿಕ್ಕಿದ್ದೆ ಕೂಡ. ಹಂಡೆಯ ಕಿಲುಬನ್ನು ಎಳೆಯುವ ಹುಳಿ ಮಗ್‌ನ ತಾಮ್ರವನ್ನು ಬಿಡುತ್ತದಾ? ಗಾಜು ಅಥವಾ ಸ್ಟೀಲ್, ಎರಡೇ.

ಪಾನಕದ ವಿಷಯ. ರಾಮನವಮಿಗೆ ಮಾಡುವ ಪಾನಕದಲ್ಲಿ ಏನೇನಿದೆ ನೋಡಿ: ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ, ನೀರು. ಇಂಗ್ಲಿಷರು ಇಲ್ಲಿಂದ ಕಲಿತುಕೊಂಡು ಹೋದ ಪಂಚ್‌ನಲ್ಲಿ ಇದ್ದದ್ದೂ ಎಣ್ಣೆ, ಸಕ್ಕರೆ, ನಿಂಬೆ, ಮಸಾಲೆ, ನೀರು. ನಮ್ಮ 'ಪಂಚ'ದಿಂದಲೇ ಆ ಹೆಸರು ಬಂತು ಅನ್ನುವ ಮಾತಿದೆ. ಈಸ್ಟ್ ಇಂಡಿಯಾ ಕಂಪನಿಯವರ 1632ರ ಪತ್ರವೊಂದರಲ್ಲೇ ಪಂಚ್ ಹೆಸರು ಸಿಗುತ್ತದೆ. ಬೆಲ್ಲಕ್ಕೂ ರಮ್‌ಗೂ ಮೂಲ ಕಬ್ಬೇ, ಹಾಗಾಗಿ ಎರಡೂ ಚೆನ್ನಾಗಿ ಹೊಂದುತ್ತವೆ. ಬೆಲ್ಲವನ್ನು ಸಮ ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿ, ಮಣ್ಣು ಕಡ್ಡಿ ಎಲ್ಲ ಇರುತ್ತದೆ. ಆ ಪಾಕ 30 ಎಂಎಲ್, ನಿಂಬೆ 20, ಜಜ್ಜಿದ ಶುಂಠಿ ಎರಡು ಬಿಲ್ಲೆ, ಏಲಕ್ಕಿ ಒಂದು, ಕಪ್ಪು ರಮ್ 45, ತಣ್ಣೀರು 90. ಇದನ್ನು ಅಮ್ಮನ ಮುಂದೆ ಪಾನಕ ಅಂತ ಕರೆಯುವ ಧೈರ್ಯ ನನಗಿಲ್ಲ. ಮೆನುವಿನಲ್ಲಿ 'ಬೆಲ್ಲದ ಪಂಚ್' ಅಂತ ಬರೆದಿದ್ದೇನೆ.

ಸುಸ್ತಿಗೆ ಎಣ್ಣೆ ಮದ್ದಾ ಅಂತ ಕೇಳುವವರಿಗೆ, ಮಾರಿ ಹೊಟ್ಟೆ ಹೊರೆಯುವ ನಾನೇ ಹೇಳುತ್ತೇನೆ: ಅಲ್ಲ. ಬೇಗ ನಿದ್ದೆ ಹತ್ತುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧ ಕೆಡುತ್ತದೆ. ಮೂರು ಗಂಟೆಗೆ ಎಚ್ಚರ, ಬಾಯಾರಿಕೆ. ಬಾಟಲಿಯ ಮೇಲೆ 42.8% ಅಂತ ಬರೆದಿರುವ ಎಣ್ಣೆ 45 ಎಂಎಲ್ ಅಂದರೆ ಸುಮಾರು 15 ಗ್ರಾಂ ಆಲ್ಕೋಹಾಲ್. ಅದನ್ನು ಕರಗಿಸಲು ದೇಹಕ್ಕೆ ಎರಡು ಗಂಟೆಯಷ್ಟು ಬೇಕು. ಅದಕ್ಕೇ ನನ್ನ ಮನೆಯಲ್ಲಿ ಎರಡನೇ ಗ್ಲಾಸು ಯಾವಾಗಲೂ ಬರೀ ಶರಬತ್ತು. ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲ ಗ್ಲಾಸಿನಿಂದಲೇ ಶರಬತ್ತಿನ ಕಡೆಗೆ ಇರಲಿ. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಒಂದೇ ಪೆಗ್ ಕೆಲವರನ್ನು ಅದರಾಚೆ ದಾಟಿಸುತ್ತದೆ.

ನಾನು ಏನು ಕುಡಿಯುತ್ತೇನೆ? ರಾತ್ರಿ ಒಂದಕ್ಕೆ ಬಾರ್ ಮುಚ್ಚಿ ಮನೆಗೆ ಬಂದು ನೀರು ಮಜ್ಜಿಗೆ ಕುಡಿಯುತ್ತೇನೆ. ಒಂದು ಸೌಟು ಹುಳಿ ಮೊಸರು, ಮೂರು ಸೌಟು ನೀರು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು, ಉಪ್ಪು. ಕರಿಬೇವನ್ನು ಕೈಯಲ್ಲೇ ಹಿಸುಕಿ ಹಾಕಿ, ಇಂಗಿನ ಒಗ್ಗರಣೆ ಬೇಕಿದ್ದರೆ. ಮೆಣಸಿನಕಾಯಿಯನ್ನು ಹತ್ತು ನಿಮಿಷಕ್ಕೆ ತೆಗೆದುಬಿಡಿ, ಘಮ ಇಳಿದಿರುತ್ತದೆ, ಖಾರ ಏರಿರುವುದಿಲ್ಲ.

ಶನಿವಾರ ನಾಲ್ಕು ಜನ ಬರುವವರಿದ್ದರೆ ಪಾಕ, ಐಸ್ ಎಲ್ಲ ಶುಕ್ರವಾರ ರಾತ್ರಿಯೇ ಮಾಡಿಡಿ. ನಿಂಬೆ ಮಾತ್ರ ಬಾಗಿಲ ಬೆಲ್ ಆದ ಮೇಲೆ ಹಿಂಡಿ. ಬಂದವರ ಕೈಗೇ ಕೊಟ್ಟರೂ ಆಯಿತು.