ಟೆಕ್ಸಾಸ್ ಮಕ್ಕಳ ಲೆಕ್ಕ: ಮುಚ್ಚಿದ ಕಚೇರಿ, ಮುಚ್ಚದ ಅಂತರ

ಅಮೆರಿಕದಲ್ಲಿ ಹುಟ್ಟಿದ ಮಗುವೊಂದರ ಮನೆಗೆ, ಅದಕ್ಕೆ ಹದಿನೆಂಟು ತುಂಬುವುದರೊಳಗೆ, ಮಕ್ಕಳ ರಕ್ಷಣಾ ಇಲಾಖೆಯವರು ತನಿಖೆಗೆ ಬರುವ ಸಾಧ್ಯತೆ ಎಷ್ಟು? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನೂರಕ್ಕೆ ಸುಮಾರು 37. ಬಿಳಿಯ ಮಕ್ಕಳಲ್ಲಿ ಇದು 28ರ ಆಸುಪಾಸು, ಕಪ್ಪು ಮಕ್ಕಳಲ್ಲಿ 53. ಅಂದರೆ ಕಪ್ಪು ಕುಟುಂಬಗಳಲ್ಲಿ ತನಿಖೆ ಕಾಣದ ಮಕ್ಕಳಿಗಿಂತ ಕಂಡವರೇ ಹೆಚ್ಚು. ಬಡತನ ಹೆಚ್ಚಿರುವಲ್ಲಿ ದೂರೂ ಹೆಚ್ಚು, ಇದರಲ್ಲಿ ಬಣ್ಣದ ಮಾತೇಕೆ ಎಂಬುದು ಒಂದು ವಾದ. ಒಂದೇ ಸ್ಥಿತಿಯ ಎರಡು ಮನೆಗಳಿಗೆ ಎರಡು ತೀರ್ಪು ಸಿಗುತ್ತಿದೆ ಎಂಬುದು ಇನ್ನೊಂದು. ಈ ಜಗಳವನ್ನು ಸ್ವಂತ ಕಡತಗಳನ್ನೇ ತೆರೆದು ಪರೀಕ್ಷಿಸಿದ ರಾಜ್ಯಗಳಲ್ಲಿ ಟೆಕ್ಸಾಸ್ ಮುಂಚೂಣಿಯಲ್ಲಿತ್ತು. ಆ ಕೆಲಸ ಹೇಗೆ ಶುರುವಾಗಿ ಎಲ್ಲಿ ನಿಂತಿತು ಎಂಬುದನ್ನು ತಿಳಿಯದಿದ್ದರೆ ಇಂದಿನ ಚರ್ಚೆಯ ತಲೆಬುಡ ಅರ್ಥವಾಗುವುದಿಲ್ಲ.

ಈ ಅಂತರ ಮಕ್ಕಳ ರಕ್ಷಣೆಗಷ್ಟೇ ಸೇರಿದ್ದಲ್ಲ, ಆರೋಗ್ಯದಲ್ಲೂ ಇತ್ತು. ಹಿಂದಿನದನ್ನು ಚುಟುಕಾಗಿ ಹೇಳುವುದಾದರೆ: 1946ರ ಕೇಂದ್ರ ಕಾಯ್ದೆ ಆಸ್ಪತ್ರೆ ಕಟ್ಟಲು ಹಣ ಕೊಟ್ಟಿತು, ಜೊತೆಗೆ ಕಪ್ಪು ಮತ್ತು ಬಿಳಿಯ ರೋಗಿಗಳಿಗೆ ಬೇರೆ ಬೇರೆ ವ್ಯವಸ್ಥೆ ಇಡಲು ಅವಕಾಶವನ್ನೂ ಕೊಟ್ಟಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 1966ರಲ್ಲಿ ಹರಿಯತೊಡಗಿದ ಮೆಡಿಕೇರ್ (ವೃದ್ಧರ ಸರ್ಕಾರಿ ಆರೋಗ್ಯ ವಿಮೆ) ಹಣ ಸೇರಿ ಆ ಗೋಡೆಯನ್ನು ಕೆಡವಿದವು. ಕೇಂದ್ರ ಆರೋಗ್ಯ ಇಲಾಖೆಯ 1985ರ ಹೆಕ್ಲರ್ ವರದಿಯಂತೆ, ಬಿಳಿಯರ ಮರಣ ಪ್ರಮಾಣವೇ ಅಲ್ಪಸಂಖ್ಯಾತರಿಗೂ ಇದ್ದಿದ್ದರೆ ವರ್ಷಕ್ಕೆ ಸುಮಾರು 60 ಸಾವಿರ ಸಾವುಗಳು ತಪ್ಪುತ್ತಿದ್ದವು.

ಮಕ್ಕಳ ವಿಷಯದಲ್ಲಿ ತಿರುವು ಬಂದದ್ದು 1960ರಲ್ಲಿ. ಲೂಸಿಯಾನ ರಾಜ್ಯ 'ಮನೆ ಯೋಗ್ಯವಾಗಿಲ್ಲ' ಎಂಬ ಕಾರಣ ಹೇಳಿ 23 ಸಾವಿರಕ್ಕೂ ಹೆಚ್ಚು ಮಕ್ಕಳ ಸಹಾಯಧನ ಕಿತ್ತುಹಾಕಿತು. ಅವರಲ್ಲಿ ಬಹುಪಾಲು ಕಪ್ಪು ಮಕ್ಕಳು. ಹೆಚ್ಚಿನ ತಾಯಂದಿರ 'ತಪ್ಪು' ಮದುವೆಯಾಗದೆ ಹೆತ್ತದ್ದು. ಇದಕ್ಕೆ ತಡೆಯಾಗಿ ಮರುವರ್ಷ ಕೇಂದ್ರದ ಸಚಿವ ಆರ್ಥರ್ ಫ್ಲೆಮಿಂಗ್ ಆದೇಶವೊಂದನ್ನು ಹೊರಡಿಸಿದರು: ಹಣ ನಿಲ್ಲಿಸಬೇಡಿ, ಮನೆಯನ್ನು ಸುಧಾರಿಸಲು ನೆರವಾಗಿ, ಇಲ್ಲವೇ ಮಗುವನ್ನು ಬೇರೆಡೆ ಇರಿಸಿ. ಸದುದ್ದೇಶದ ಆದೇಶವೇ. ಆದರೆ ಫಾಸ್ಟರ್ ಕೇರ್‌ಗೆ (ಮನೆಯಿಂದ ತೆಗೆದ ಮಗುವನ್ನು ತಾತ್ಕಾಲಿಕವಾಗಿ ಬೇರೆಯವರ ಆರೈಕೆಯಲ್ಲಿ ಇರಿಸುವ ವ್ಯವಸ್ಥೆ) ಕೇಂದ್ರದ ಹಣ ಬರತೊಡಗಿದ ಮೇಲೆ, ಮನೆ ಸುಧಾರಿಸುವ ನಿಧಾನದ ಕೆಲಸಕ್ಕಿಂತ ಮಗುವನ್ನು ಒಯ್ಯುವುದೇ ಸಲೀಸಾಯಿತು. ಮೂಲನಿವಾಸಿ ಮಕ್ಕಳ ಸ್ಥಿತಿ ಇನ್ನೂ ಘೋರವಾಗಿತ್ತು. ನಾಲ್ಕರಲ್ಲಿ ಒಂದು, ಕೆಲವೆಡೆ ಮೂರರಲ್ಲಿ ಒಂದು ಮಗು ಮನೆಯಿಂದ ದೂರವಿದೆ ಎಂದು ಸಮೀಕ್ಷೆಗಳು ತೋರಿಸಿದ ಮೇಲೆ 1978ರಲ್ಲಿ ಅವರಿಗಾಗಿ ಪ್ರತ್ಯೇಕ ಕಾಯ್ದೆ ಬಂತು. ಕಪ್ಪು ಮಕ್ಕಳಿಗೆ ಅಂಥ ರಕ್ಷಣೆ ಸಿಗಲಿಲ್ಲ. ಬದಲಿಗೆ, 22 ತಿಂಗಳಲ್ಲಿ 15 ತಿಂಗಳು ಮಗು ಹೊರಗಿದ್ದರೆ ಪೋಷಕರ ಹಕ್ಕು ರದ್ದತಿಗೆ ಅರ್ಜಿ ಹಾಕಬೇಕೆಂಬ 1997ರ ಗಡುವು ಬಂತು. ಸಂಬಂಧಿಕರ ಮನೆಯಲ್ಲಿರುವ ಮಕ್ಕಳಿಗೂ ಇನ್ನು ಕೆಲವು ಸಂದರ್ಭಗಳಲ್ಲೂ ವಿನಾಯಿತಿ ಸಾಧ್ಯವಿತ್ತು, ಅಷ್ಟೇ.

ಇನ್ನು ಟೆಕ್ಸಾಸ್. ಮೆಕ್ಸಿಕೊ ಕೊಲ್ಲಿಯ ದಂಡೆಯ ಪೋರ್ಟ್ ಆರ್ಥರ್ ತೈಲ ಶುದ್ಧೀಕರಣದ ಊರು. ಕಪ್ಪು ಕುಟುಂಬಗಳೇ ಹೆಚ್ಚಿರುವ ಅದರ ಪಶ್ಚಿಮ ಭಾಗ ಶುದ್ಧೀಕರಣ ಘಟಕಗಳ ಬೇಲಿಗೆ ಅಂಟಿಕೊಂಡಂತಿದೆ. ಈ ಪ್ರದೇಶದಲ್ಲಿ ಕೆಲಸ ಮಾಡಿ, ಮುಂದೆ ಇಡೀ ರಾಜ್ಯದ ಮಕ್ಕಳ ರಕ್ಷಣಾ ವಿಭಾಗದ ಹೊಣೆ ಹೊತ್ತ ಜಾಯ್ಸ್ ಜೇಮ್ಸ್ ಅಂಕಿಅಂಶಗಳನ್ನು ಅಲ್ಲಿನ ಜನರ ಮುಂದೆಯೇ ಇಟ್ಟು ಮಾತಾಡುವ ಪದ್ಧತಿ ಬೆಳೆಸಿದರು. ಇಲಾಖೆಯ ವಾಹನ ಬಂದರೆ ಮಗು ಹೋಯಿತೆಂದೇ ತಿಳಿಯುವ ಬೀದಿಗಳಲ್ಲಿ ಇಲಾಖೆಯವರೇ ತಮ್ಮ ಲೆಕ್ಕ ಒಪ್ಪಿಸುವುದು ಸಣ್ಣ ಮಾತಲ್ಲ.

2005ರಲ್ಲಿ ರಾಜ್ಯದ ಶಾಸಕಾಂಗ ಸೆನೆಟ್ ಬಿಲ್ 6 ಎಂಬ ದೊಡ್ಡ ಸುಧಾರಣಾ ಕಾಯ್ದೆಯನ್ನು ಅಂಗೀಕರಿಸಿತು. ಮಕ್ಕಳನ್ನು ಮನೆಯಿಂದ ತೆಗೆಯುವುದರಲ್ಲಿ ಜನಾಂಗೀಯ ಅಸಮಾನತೆ ಇದೆಯೇ ಎಂದು ಇಲಾಖೆಯೇ ಪರಿಶೀಲಿಸಬೇಕೆಂಬ ಷರತ್ತು ಅದರಲ್ಲಿತ್ತು. 2006ರ ಜನವರಿಯ ವರದಿ 'ಇದೆ' ಎಂದೇ ಉತ್ತರಿಸಿತು. ಇತರ ಕಾರಣಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ಕಪ್ಪು ಮಕ್ಕಳು ಹೆಚ್ಚು ಕಾಲ ಫಾಸ್ಟರ್ ಕೇರ್‌ನಲ್ಲಿ ಉಳಿಯುತ್ತಿದ್ದರು, ಮನೆಗೆ ಮರಳುವುದು ಕಡಿಮೆಯಿತ್ತು.

ಇದರ ಬೆನ್ನಿಗೇ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದ ಬಳಿ ಸ್ವಲ್ಪ ನಿಲ್ಲಬೇಕು. ಸಹಾಯವಾಣಿಗೆ ದೂರು ಬರುತ್ತದೆ. ಇಲಾಖೆಯ ಕಾರ್ಯಕರ್ತೆ ಮನೆಗೆ ಹೋಗುತ್ತಾಳೆ. ಫ್ರಿಜ್‌ನಲ್ಲಿ ಆಹಾರವಿದೆಯೇ, ವಿದ್ಯುತ್ ಇದೆಯೇ, ಮಗು ಮಲಗುವುದೆಲ್ಲಿ ಎಂದು ನೋಡುತ್ತಾಳೆ, ಮಗುವಿನೊಡನೆ ಬೇರೆಯಾಗಿ ಮಾತಾಡುತ್ತಾಳೆ. ಅಪಾಯ ಎಷ್ಟೆಂದು ನಮೂನೆಯಲ್ಲಿ ಅಂದಾಜಿಸುತ್ತಾಳೆ. ಆಮೇಲೆ ನಿರ್ಧಾರ. ಸಂಶೋಧಕರು ಇಂಥ ಕಡತಗಳನ್ನು ಹೋಲಿಸಿದಾಗ ಕಂಡದ್ದು ಯಾರೂ ನಿರೀಕ್ಷಿಸದ ಸಂಗತಿ: ಕಪ್ಪು ಕುಟುಂಬಗಳಿಗೆ ಕಾರ್ಯಕರ್ತರು ನಮೂನೆಯಲ್ಲಿ ಬರೆದ ಅಪಾಯ ಬಿಳಿಯರಿಗಿಂತ ಹೆಚ್ಚೇನಲ್ಲ, ಕಡಿಮೆಯೇ. ಆದರೂ ಮಗುವನ್ನು ತೆಗೆಯುವ ನಿರ್ಧಾರ ಆ ಮನೆಗಳಲ್ಲೇ ಹೆಚ್ಚು. ಅಪಾಯವನ್ನು ಅಳೆಯುವಾಗ ಎಡವಲಿಲ್ಲ. 'ಇಷ್ಟಾದರೆ ಸಾಕು, ಮಗುವನ್ನು ತೆಗೆಯೋಣ' ಎನ್ನುವ ಗೆರೆಯೇ ಎರಡು ಮನೆಗಳಿಗೆ ಎರಡು ಎತ್ತರದಲ್ಲಿತ್ತು. ಆದಾಯ ಲೆಕ್ಕಕ್ಕೆ ಸೇರಿಸಿದರೂ ಅಂತರ ಅಳಿಯಲಿಲ್ಲ. ಬಡತನವೊಂದೇ ಕಾರಣ ಎಂಬ ವಾದ ಇದಾದ ಮೇಲೆ ಪೂರ್ತಿಯಾಗಿ ನಿಲ್ಲದು ಎಂದೇ ನನಗೆ ಅನ್ನಿಸುತ್ತದೆ. ಹಾಗೆಂದು ಗೆರೆಯನ್ನು ಒಬ್ಬರು ಕುಳಿತು ಎಳೆದದ್ದಲ್ಲ. ಕೈತುಂಬ ಕಡತ, ಕಡಿಮೆ ಸಂಬಳ, ನಾಳೆ ಮಗುವಿಗೇನಾದರೂ ಆದರೆ ತಲೆದಂಡ ತಮ್ಮದೇ ಎಂಬ ಭಯ, ಇವುಗಳ ನಡುವೆ ಸಾವಿರಾರು ಸಂಜೆಗಳಲ್ಲಿ ಅದು ತಾನಾಗಿ ಮೂಡಿದ್ದು.

ಟೆಕ್ಸಾಸ್‌ನಲ್ಲಿ ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂಬ ಅನುಮಾನ ಬಂದರೆ ದೂರು ಕೊಡುವುದು ಪ್ರತಿಯೊಬ್ಬರ ಕಾನೂನಾತ್ಮಕ ಹೊಣೆ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ವೈದ್ಯರಾಗಿ, ಶಿಕ್ಷಕರಾಗಿ ದುಡಿಯುವ ಕನ್ನಡಿಗರೂ ಇದಕ್ಕೆ ಹೊರತಲ್ಲ. ಗಾಯವನ್ನು ಕಂಡು ಯಾವ ಮಗುವಿನ ವಿಷಯದಲ್ಲಿ 'ಬಿದ್ದಿರಬೇಕು' ಎನ್ನುತ್ತೇವೆ, ಯಾವ ಮಗುವಿನ ವಿಷಯದಲ್ಲಿ ಫೋನ್ ಎತ್ತುತ್ತೇವೆ ಎಂಬಲ್ಲಿಂದಲೇ ಲೆಕ್ಕ ಶುರುವಾಗುತ್ತದೆ.

2010ರಲ್ಲಿ ರಾಜ್ಯದ ಆರೋಗ್ಯ ಮತ್ತು ಮಾನವ ಸೇವಾ ಆಯೋಗದೊಳಗೆ ಅಸಮಾನತೆ ನಿವಾರಣೆಗೆಂದೇ ಒಂದು ಕೇಂದ್ರ ತೆರೆಯಿತು. ಜೇಮ್ಸ್ ಅದರ ನೇತೃತ್ವ ವಹಿಸಿದರು. 2011ರಲ್ಲಿ ಶಾಸಕಾಂಗ ಅಂತರ-ಇಲಾಖಾ ಮಂಡಳಿಯನ್ನೂ ರಚಿಸಿತು. ಶಾಲೆಯಿಂದ ಅಮಾನತಾಗುವ, ಬಾಲನ್ಯಾಯ ವ್ಯವಸ್ಥೆಗೆ ಸಿಕ್ಕಿಬೀಳುವ, ಚಿಕಿತ್ಸೆ ಸಿಗದ ಮತ್ತು ಮನೆಯಿಂದ ತೆಗೆದುಹಾಕಲ್ಪಡುವ ಮಕ್ಕಳು ಬಹುಪಾಲು ಒಂದೇ ಬಡಾವಣೆಗಳವರು ಎಂಬ ತಿಳಿವಳಿಕೆ ಇದರ ಹಿಂದಿತ್ತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ವಿವೇಕದ್ದೆನಿಸುವ ಹೆಜ್ಜೆ ಇದು.

ಅದು ಬಾಳಲಿಲ್ಲ. ಮಂಡಳಿಯ ಅವಧಿ ತೀರಿತು. ಅಸಮಾನತೆ ನಿವಾರಣಾ ಕೇಂದ್ರದ ಹೆಸರು ಬದಲಾಯಿತು, ಅನುದಾನ ಬತ್ತಿತು, 2018ರಲ್ಲಿ ಕಚೇರಿಯೇ ಮುಚ್ಚಿತು.

ಆಮೇಲೆ ಬೇರೆ ದಾರಿಯಿಂದ ಬದಲಾವಣೆ ಬಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ತಿದ್ದುಪಡಿಯಂತೆ, ನಿರ್ಲಕ್ಷ್ಯದ ಹೆಸರಲ್ಲಿ ಮಗುವನ್ನು ತೆಗೆಯಬೇಕಾದರೆ ತಕ್ಷಣದ ಅಪಾಯವಿದೆಯೆಂದು ತೋರಿಸಬೇಕು. ಕುಟುಂಬದ ವಿಷಯದಲ್ಲಿ ಸರ್ಕಾರದ ಕೈ ಉದ್ದವಾಗಬಾರದೆನ್ನುವ ಸಂಪ್ರದಾಯವಾದಿಗಳೂ ಬಡ ಕುಟುಂಬಗಳ ಪರ ವಕೀಲರೂ ಒಟ್ಟಿಗೆ ನಿಂತು ತಂದ ತಿದ್ದುಪಡಿ ಇದು. ಮನೆಯಿಂದ ತೆಗೆಯುವ ಮಕ್ಕಳ ಒಟ್ಟು ಸಂಖ್ಯೆ ಗಣನೀಯವಾಗಿ ಇಳಿಯಿತು. ಅವರಲ್ಲಿ ಕಪ್ಪು ಮಕ್ಕಳ ಪಾಲು ಮಾತ್ರ ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಮೇಲೆಯೇ ಉಳಿದಿದೆ. ಆರೋಗ್ಯದಲ್ಲಿ, ಹೆರಿಗೆಯ ನಂತರದ ಮೆಡಿಕೈಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಸೌಲಭ್ಯ 2024ರ ಮಾರ್ಚ್‌ನಿಂದ ಹನ್ನೆರಡು ತಿಂಗಳಿಗೆ ವಿಸ್ತರಿಸಿದೆ. ತಾಯಂದಿರ ಸಾವುಗಳಲ್ಲಿ ಕಪ್ಪು ಮಹಿಳೆಯರ ಪ್ರಮಾಣವೇ ಹೆಚ್ಚೆಂದು ರಾಜ್ಯದ ಸಮಿತಿಯೇ ಹೇಳುತ್ತ ಬಂದಿತ್ತು.

ಉಳಿದಿರುವುದು ಅಜ್ಜಿಯರ ಪ್ರಶ್ನೆ. ಮೊಮ್ಮಗುವನ್ನು ತಾನು ಸಾಕುತ್ತೇನೆಂದು ಮುಂದೆ ಬರುವ ಸಂಬಂಧಿಕರಿಗೆ 2005ರ ಕಾಯ್ದೆ ಒಂದೇ ಬಾರಿ ಕೊಡುವ ಸಾವಿರ ಡಾಲರ್ ನೆರವು ಗೊತ್ತುಮಾಡಿತ್ತು. 2017ರಲ್ಲಿ ಅದು ಕಡಿಮೆ ಆದಾಯದವರಿಗೆ ಸಾಮಾನ್ಯವಾಗಿ ಒಂದು ವರ್ಷದವರೆಗಿನ ಭತ್ಯೆಯಾಯಿತು. ಅಪರಿಚಿತ ಫಾಸ್ಟರ್ ಕುಟುಂಬಕ್ಕೆ ಕೊಡುವ ಮೂಲ ದರದ ಅರ್ಧವನ್ನು ಅದು ಮೀರುವಂತಿಲ್ಲ. ಅದೇ ಅಜ್ಜಿ ಪರವಾನಗಿ ಪಡೆದ ಫಾಸ್ಟರ್ ಪೋಷಕಿಯಾದರೆ ಪೂರ್ಣ ದರ ಸಿಗುತ್ತದೆ. ಅದಕ್ಕೆ ತರಬೇತಿ ಮುಗಿಸಬೇಕು, ಮನೆಯ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು. ಮಗು ಬಂದ ರಾತ್ರಿ ಹಾಸಿಗೆ ತರಬೇಕಾಗಿರುವವಳಿಗೆ ಆ ದಾರಿ ಉದ್ದದ್ದು. ಈ ಅರ್ಧವನ್ನು ಪೂರ್ಣ ಮಾಡಲು ಹೊಸ ಕಚೇರಿ ಬೇಕಿಲ್ಲ, ಬಜೆಟ್‌ನಲ್ಲಿ ಒಂದು ಸಾಲು ಸಾಕು.