ಗುಂಡಿ ಒತ್ತುವ ಕೈ, ತೀರ್ಮಾನಿಸುವ ಕುರ್ಚಿ

1969ರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಘಟನೆಗಳು ನಡೆದವು. ಪರಮಾಣು ಬಾಂಬಿನ ಯೋಜನೆಯಲ್ಲಿ ದುಡಿದು, ಆಮೇಲೆ ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು, ಪ್ರೌಢಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯ ತೆರೆದರು. ಟೊರಾಂಟೊದಲ್ಲಿ ಒಂಟಾರಿಯೊ ಸೈನ್ಸ್ ಸೆಂಟರ್ ಬಾಗಿಲು ತೆರೆಯಿತು. ‘ಮುಟ್ಟಬೇಡಿ’ ಎಂಬ ಫಲಕವೇ ಸಂಗ್ರಹಾಲಯದ ಗುರುತಾಗಿದ್ದ ಕಾಲದಲ್ಲಿ ಇವೆರಡೂ ‘ಮುಟ್ಟಿ, ತಿರುಗಿಸಿ, ಎಳೆದು ನೋಡಿ’ ಎಂದವು. ಅದೇ ವರ್ಷದ ಜುಲೈನಲ್ಲಿ ಶೆರ್ರಿ ಆರ್ನ್‌ಸ್ಟೈನ್ ಎಂಬುವರು ನಗರ ಯೋಜಕರ ಪತ್ರಿಕೆಯೊಂದರಲ್ಲಿ ಎಂಟು ಮೆಟ್ಟಿಲುಗಳ ಏಣಿಯೊಂದನ್ನು ಚಿತ್ರಿಸಿದರು. ಸಾರ್ವಜನಿಕರ ಸಹಭಾಗಿತ್ವ ಎಂಬ ಮಾತನ್ನು ಎಲ್ಲರೂ ಆಡುತ್ತಾರಲ್ಲ, ಅದರಲ್ಲಿ ನಿಜವೆಷ್ಟು, ತೋರಿಕೆಯೆಷ್ಟು ಎಂದು ಅಳೆಯುವ ಏಣಿ ಅದು.

ಆ ಏಣಿಯ ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಜನರನ್ನು ಪುಸಲಾಯಿಸಿ ದಾರಿಗೆ ತರುವ ಕೆಲಸವಲ್ಲದೆ ಬೇರೇನೂ ನಡೆಯುವುದಿಲ್ಲ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಾಧಾನಕ್ಕೆಂದು ಸಮಿತಿಯಲ್ಲಿ ಒಂದೆರಡು ಜಾಗವನ್ನೂ ಕೊಡುತ್ತಾರೆ. ತೀರ್ಮಾನ ಮಾತ್ರ ಮೊದಲಿದ್ದವರ ಕೈಯಲ್ಲೇ ಉಳಿಯುತ್ತದೆ. ಪಾಲುದಾರಿಕೆ, ಅಧಿಕಾರವನ್ನು ವಹಿಸಿಕೊಡುವುದು, ನಾಗರಿಕರ ಪೂರ್ಣ ಹತೋಟಿ, ಇವು ಮೇಲಿನ ಮೂರು. ಆರ್ನ್‌ಸ್ಟೈನ್ ಬರೆದದ್ದು ಅಮೆರಿಕದ ಬಡಾವಣೆಗಳ ಪುನರ್ನಿರ್ಮಾಣವನ್ನು ಕುರಿತು. ಆದರೂ ಆ ಏಣಿಯನ್ನು ತಂದು ವಿಜ್ಞಾನ ಸಂಗ್ರಹಾಲಯದ ಗೋಡೆಗೆ ಒರಗಿಸಿದರೆ ಸರಿಯಾಗಿಯೇ ನಿಲ್ಲುತ್ತದೆ.

ಹೊಸ ಪ್ರದರ್ಶಿಕೆಯೊಂದು ರೂಪುಗೊಳ್ಳುವ ಬಗೆಯನ್ನು ಹತ್ತಿರದಿಂದ ನೋಡೋಣ. ನೀರು ತುಂಬಿದ ಪಾರದರ್ಶಕ ಪಾತ್ರೆ, ಅದನ್ನು ತಿರುಗಿಸಲು ಒಂದು ಹಿಡಿ, ಪಕ್ಕದಲ್ಲಿ ರಟ್ಟಿನ ಮೇಲೆ ಕೈಯಲ್ಲಿ ಬರೆದು ಟೇಪಿನಿಂದ ಅಂಟಿಸಿದ ವಿವರಣೆ. ಒಂದೇ ವೇಗದಲ್ಲಿ ತಿರುಗಿಸುತ್ತಿದ್ದರೆ ನೀರಿನ ಮೇಲ್ಮೈ ನಡುವೆ ತಗ್ಗಿ, ಅಂಚಿನಲ್ಲಿ ಏರಿ, ಬಟ್ಟಲಿನಂಥ ಪರವಲಯದ ಆಕಾರ ತಾಳುತ್ತದೆ. ಮಾಡಿದವರ ಲೆಕ್ಕ ಅದು. ಬಂದ ಹುಡುಗ ಮಾತ್ರ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ನಾಲ್ಕು ಸುತ್ತು ತಿರುಗಿಸಿ, ನೀರು ಕಲಕಿದ್ದನ್ನು ನೋಡಿ ನಕ್ಕು ಓಡಿಬಿಡುತ್ತಾನೆ. ಅವನ ಹಿಂದೆ ಬಂದವರು ಮೊದಲು ಹಿಡಿಗೆ ಕೈಹಾಕುತ್ತಾರೆ, ಏನೂ ತಿಳಿಯದಿದ್ದಾಗಷ್ಟೇ ರಟ್ಟಿನ ಕಡೆ ತಿರುಗುತ್ತಾರೆ. ತುಸು ದೂರದಲ್ಲಿ ನಿಂತ ಸಿಬ್ಬಂದಿಯೊಬ್ಬರು ಇದನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಹಿಡಿಗೆ ಭಾರದ ಗಾಲಿ ಸೇರಿ ಜೋರಾಗಿ ತಿರುಗಿಸುವುದೇ ಅಸಾಧ್ಯವಾಗಿರುತ್ತದೆ, ವಿವರಣೆ ಹಿಡಿಯ ಪಕ್ಕಕ್ಕೇ ಬಂದಿರುತ್ತದೆ. ಅರೆಬರೆ ಮಾದರಿಯನ್ನು ಜನರ ನಡುವೆ ಇಟ್ಟು ತಿದ್ದುವ ಈ ಪದ್ಧತಿಯನ್ನು ಚೆನ್ನಾಗಿ ರೂಢಿಸಿಕೊಂಡ ಸಂಸ್ಥೆಗಳಲ್ಲಿ ಎಕ್ಸ್‌ಪ್ಲೊರೇಟೋರಿಯಂ ಒಂದು. ಪ್ರದರ್ಶಿಕೆಗಳನ್ನು ತಯಾರಿಸುವ ಕಾರ್ಯಾಗಾರವನ್ನು ಕೂಡ ಅದು ನೋಡುಗರ ಕಣ್ಣೆದುರಿಗೇ ಇಟ್ಟಿತು.

ಇಲ್ಲಿ ಸಾರ್ವಜನಿಕರು ಭಾಗವಹಿಸಿದರೇ? ವಹಿಸಿದರು, ಆದರೆ ಹುಡುಗನ ಕೈ ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳಲಾಯಿತು. ಈ ಪಾತ್ರೆ ಅಲ್ಲಿರಬೇಕೇ ಅಥವಾ ಆ ಜಾಗದಲ್ಲಿ ಕುಡಿಯುವ ನೀರಿನ ಮಾಲಿನ್ಯವನ್ನು ತೋರಿಸುವ ಪ್ರದರ್ಶಿಕೆ ಇರಬೇಕೇ ಎಂದು ಅವನನ್ನಾಗಲಿ ಅವನ ಹಿರಿಯರನ್ನಾಗಲಿ ಯಾರೂ ಕೇಳಲಿಲ್ಲ. ಏಣಿಯ ಲೆಕ್ಕದಲ್ಲಿ ಇದು ಅಭಿಪ್ರಾಯ ಸಂಗ್ರಹ. ಪ್ರಾಮಾಣಿಕವಾದ, ಬಹಳ ಉಪಯುಕ್ತವಾದ ಅಭಿಪ್ರಾಯ ಸಂಗ್ರಹ, ಆದರೆ ಅದಕ್ಕಿಂತ ಹೆಚ್ಚಲ್ಲ.

ಮೇಲಿನ ಮೆಟ್ಟಿಲಿಗೆ ಕಾಲಿಟ್ಟ ಪ್ರಯೋಗಗಳೂ ಇವೆ. ಬ್ರಿಟನ್ನಿನ ಸಂಗೀತ ಸಂಯೋಜಕಿ ಡ್ಯಾಫ್ನಿ ಓರಮ್ ಬಿಬಿಸಿಯ ಕೆಲಸ ಬಿಟ್ಟು, ಫಿಲ್ಮ್ ಪಟ್ಟಿಗಳ ಮೇಲೆ ಗೆರೆ ಎಳೆದು ಸಂಗೀತ ಹೊರಡಿಸುವ ವಿಚಿತ್ರ ಯಂತ್ರವೊಂದನ್ನು ಕಟ್ಟಿದ್ದರು. ಆ ಯಂತ್ರ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದ ಕೈಸೇರಿ, 2011ರಲ್ಲಿ ಅದನ್ನು ಕೇಂದ್ರವಾಗಿಟ್ಟುಕೊಂಡು ಪ್ರದರ್ಶನವೊಂದು ಸಿದ್ಧವಾದಾಗ, ಅದನ್ನು ರೂಪಿಸುವ ಹೊಣೆ ಹೊತ್ತ ಕ್ಯುರೇಟರುಗಳು ಹೊರಗಿನವರನ್ನೂ ಕರೆದು ಕೂರಿಸಿಕೊಂಡರು. ಹಿಂದೆ ಎಲೆಕ್ಟ್ರಾನಿಕ್ ಸಂಗೀತದ ಕ್ಷೇತ್ರದಲ್ಲೇ ದುಡಿದವರು ಅವರಲ್ಲಿದ್ದರು, ಈಗ ಅಂಥ ಸಂಗೀತ ಮಾಡುತ್ತಿರುವವರೂ ಇದ್ದರು. ಯಂತ್ರದ ಒಳಗೆ ಏನಿದೆ ಎಂಬುದು ಕ್ಯುರೇಟರುಗಳಿಗೆ ಗೊತ್ತಿತ್ತು. ಅಂಥ ಯಂತ್ರದ ಮುಂದೆ ದಿನವಿಡೀ ಕುಳಿತು ದುಡಿಯುವುದೆಂದರೇನು ಎಂಬ ಅರಿವು ಮಾತ್ರ ಹೊರಗಿನಿಂದ ಬಂದವರಲ್ಲಿತ್ತು. ಪಾಂಡಿತ್ಯಕ್ಕೆ ಅನುಭವ ಸೇರಿದಾಗ ಯಾವುದೂ ಕುಂದಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ವಿಜ್ಞಾನವನ್ನು ಜನರ ಮತಕ್ಕೆ ಹಾಕಲಾದೀತೇ ಎಂಬ ಆಕ್ಷೇಪ ಇಲ್ಲಿ ಎದುರಾಗುತ್ತದೆ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷವೆಂಬುದು ಶಿಲೆಗಳಲ್ಲಿನ ವಿಕಿರಣಶೀಲ ಧಾತುಗಳ ಅಳತೆಯಿಂದ ಗೊತ್ತಾದದ್ದು. ಕೈ ಎತ್ತುವವರ ಸಂಖ್ಯೆಯಿಂದ ಅದು ಹೆಚ್ಚೂ ಆಗದು, ಕಡಿಮೆಯೂ ಆಗದು. ಇದು ನಿಜ. ಆದರೆ ಸಂಗ್ರಹಾಲಯದ ಆಡಳಿತದಲ್ಲಿ ಇಂಥ ಪ್ರಶ್ನೆಗಳು ಬರುವುದು ಬಹಳ ಕಡಿಮೆ. ಯಾವ ವಿಷಯಕ್ಕೆ ಎಷ್ಟು ಜಾಗ, ಯಾರ ಕತೆ ಮೊದಲು, ಯಾವ ಭಾಷೆಯಲ್ಲಿ ವಿವರಣೆ, ಪ್ರವೇಶ ಶುಲ್ಕವೆಷ್ಟು, ಯಾರ ಹಣವನ್ನು ಸ್ವೀಕರಿಸಬೇಕು ಎಂಬವೇ ಮಂಡಳಿಯ ಮುಂದೆ ಬರುವ ಪ್ರಶ್ನೆಗಳು. ಇವಕ್ಕೆ ಉತ್ತರ ಪ್ರಯೋಗಾಲಯದಲ್ಲಿ ಸಿಗುವುದಿಲ್ಲ. ಹಾಗಿರುವಾಗ ಇವನ್ನು ತಜ್ಞರಿಗೇ ಬಿಡಬೇಕೆಂಬ ವಾದ ವಿಜ್ಞಾನದ ಗೌರವವನ್ನು ಎರವಲು ಪಡೆದು ಆಡಳಿತದ ಅನುಕೂಲವನ್ನು ಕಾಪಾಡಿಕೊಳ್ಳುವ ವಾದವಾಗುತ್ತದೆ.

ಇನ್ನೊಂದು ತೊಡಕು ನಿಜಕ್ಕೂ ಕಠಿಣವಾದದ್ದು: ಸಾರ್ವಜನಿಕರೆಂದರೆ ಯಾರು? ಹಿರೋಶಿಮಾದ ಮೇಲೆ ಬಾಂಬು ಹಾಕಿದ ಎನೋಲಾ ಗೇ ವಿಮಾನವನ್ನು ಅದರ ಪರಿಣಾಮಗಳ ಚಿತ್ರಣದೊಡನೆ ತೋರಿಸಲು ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಅಂತರಿಕ್ಷ ಸಂಗ್ರಹಾಲಯ ಸಿದ್ಧತೆ ನಡೆಸಿತ್ತು. ಮಾಜಿ ಸೈನಿಕರ ಸಂಘಟನೆಗಳೂ ಸಂಸತ್ತಿನ ಸದಸ್ಯರೂ ತೀವ್ರವಾಗಿ ವಿರೋಧಿಸಿದ್ದರಿಂದ 1995ರ ಜನವರಿಯಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ನಿರ್ದೇಶಕ ಮಾರ್ಟಿನ್ ಹಾರ್ವಿಟ್ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಸೈನಿಕರೂ ಸಾರ್ವಜನಿಕರೇ, ಅವರ ನೋವೂ ಸುಳ್ಳಲ್ಲ. ಆದರೆ ಸಂಘಟನೆಯ ಬಲವಿದ್ದವರ ದನಿಯಷ್ಟೇ ಒಳಗೆ ಕೇಳಿಸಿತು. ಬಾಗಿಲು ತೆರೆದಿಟ್ಟರೆ ಸಾಕು, ಎಲ್ಲರೂ ಬರುತ್ತಾರೆ ಎಂದುಕೊಳ್ಳುವುದು ತಪ್ಪು. ಮೊದಲು ಬರುವವರು ಬಿಡುವೂ ಬಲವೂ ಉಳ್ಳವರು. ಸಲಹಾ ಸಮಿತಿಯ ಸಭೆಯನ್ನು ಕೆಲಸದ ದಿನದ ಮಧ್ಯಾಹ್ನ ಕರೆದು, ಬಂದವರ ಆ ದಿನದ ದುಡಿಮೆಗೆ ಬದಲಾಗಿ ಏನನ್ನೂ ಕೊಡದಿದ್ದರೆ, ಯಾರು ಬರುವುದಿಲ್ಲ ಎಂಬುದು ಸಭೆಗೆ ಮೊದಲೇ ತೀರ್ಮಾನವಾಗಿರುತ್ತದೆ.

ಹಣದ ವಿಷಯದಲ್ಲಂತೂ ಬಾಗಿಲು ಇನ್ನೂ ಬಿಗಿ. ಲಂಡನ್ನಿನ ಸಂಗ್ರಹಾಲಯದ ಟ್ರಸ್ಟಿಗಳನ್ನು ನೇಮಿಸುವವರು ಆ ದೇಶದ ಪ್ರಧಾನಿ. ಜೀವಾಶ್ಮ ಇಂಧನದ ವ್ಯವಹಾರವಿರುವ ಸಂಸ್ಥೆಗಳಿಂದ ಪ್ರಾಯೋಜಕತ್ವ ಪಡೆಯುವುದರ ವಿರುದ್ಧ ಅಲ್ಲಿ ವಿಜ್ಞಾನಿಗಳೂ ಯುವಜನರೂ ಪ್ರತಿಭಟಿಸುತ್ತ ಬಂದರು. 2021ರಲ್ಲಿ ಅದೇ ಕಾರಣಕ್ಕೆ ಗಣಿತಜ್ಞೆ ಹನ್ನಾ ಫ್ರೈ ಸೇರಿ ಇಬ್ಬರು ಟ್ರಸ್ಟಿಗಳು ಹುದ್ದೆ ತೊರೆದರು. ಒಪ್ಪದ ಟ್ರಸ್ಟಿಗೆ ರಾಜೀನಾಮೆಯ ದಾರಿಯಾದರೂ ಇರುತ್ತದೆ; ಹವಾಮಾನ ಬದಲಾವಣೆಯ ಗ್ಯಾಲರಿಯ ಮುಂದೆ ನಿಂತ ನೋಡುಗನಿಗೆ ಆ ಅನುಕೂಲವೂ ಇಲ್ಲ. ಪ್ರಾಯೋಜಕರೊಡನೆ ಮಾಡಿಕೊಂಡ ಕರಾರುಗಳನ್ನೂ ಮಂಡಳಿಯ ನಡಾವಳಿಯನ್ನೂ ಪ್ರಕಟಿಸುವುದು ಏಣಿಯ ಎತ್ತರದ ಮೆಟ್ಟಿಲೇನಲ್ಲ, ಮಾಹಿತಿ ಕೊಡುವ ಮೆಟ್ಟಿಲು ಅಷ್ಟೆ. ಆದರೆ ಅದನ್ನು ಹತ್ತದೆ ಮುಂದಿನದಕ್ಕೆ ಕಾಲೆಟುಕುವುದಿಲ್ಲ.

ಮತ್ತೆ ಟೊರಾಂಟೊಗೆ ಬರೋಣ. ಒಂಟಾರಿಯೊ ಸೈನ್ಸ್ ಸೆಂಟರ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಕ್ಕಳ ಕೈಗೆ ಹಿಡಿಗಳನ್ನೂ ಗುಂಡಿಗಳನ್ನೂ ಕೊಟ್ಟಿತು. ಅದನ್ನು ಬೇರೆಡೆಗೆ ಸಾಗಿಸುವುದಾಗಿ ಪ್ರಾಂತ್ಯ ಸರ್ಕಾರ 2023ರಲ್ಲಿ ಘೋಷಿಸಿತು. 2024ರ ಜೂನ್ 21ರಂದು, ಛಾವಣಿಯ ಕಾಂಕ್ರೀಟ್ ಫಲಕಗಳಲ್ಲಿ ಕೆಲವು ಅಪಾಯಕಾರಿಯಾಗಿವೆ ಎಂಬ ಎಂಜಿನಿಯರುಗಳ ವರದಿಯನ್ನು ಮುಂದಿಟ್ಟು, ಕಟ್ಟಡವನ್ನು ಮುಚ್ಚಲಾಗಿದೆ ಎಂದು ಪ್ರಕಟಿಸಿತು. ಅದೇ ದಿನ ಸುತ್ತಲೂ ಬೇಲಿ ಎದ್ದಿತು. ಕಟ್ಟಡವನ್ನು ವಿನ್ಯಾಸ ಮಾಡಿದ್ದ ವಾಸ್ತುಶಿಲ್ಪ ಸಂಸ್ಥೆ ದುರಸ್ತಿಗೆ ಶುಲ್ಕವಿಲ್ಲದೆ ನೆರವಾಗುತ್ತೇವೆಂದು ಮುಂದೆ ಬಂತು. ಸುತ್ತಲಿನ ನಿವಾಸಿಗಳು ಭಿತ್ತಿಪತ್ರ ಹಿಡಿದು ಬಂದು ಸೇರಿದರು. ಅವರಲ್ಲಿ ಎಷ್ಟೋ ಮಂದಿ ಚಿಕ್ಕವರಿದ್ದಾಗ ಅಲ್ಲಿನ ಯಂತ್ರಗಳನ್ನು ತಿರುಗಿಸಿದ್ದವರು. ಈಗ ಅವರು ನಿಂತಿದ್ದದ್ದು ಬೇಲಿಯ ಹೊರಗೆ.